ಉಪ್ಪು ಬೆರೆಸಿದ ಐಸು

ಮಾರ್ಚ್ ೩, ಸೋಮವಾರ. ಬೆಳಗ್ಗೆ

ಐದೂವರೆಗೆ ಎದ್ದೆ. ಗಡ್ಡ ಹೆರೆದೆ. ಅಕ್ಕನಿಗೆ ಬಟ್ಟೆ, ಫ್ಲಾಸ್ಕು ತಲುಪಿಸಿದೆ. ಎಂದಿನಂತೆ ವಾರ್ಡಿನ ಗಾಜಿನ ಬಾಗಿಲ ಈಚೆ ನನ್ನ ಪ್ಲಾಸ್ಟಿಕ್ ಕುರ್ಚಿ. ರೋಗಿಯ ಜೊತೆ ಒಬ್ಬರಿಗೇ ಜಾಗ, ಅದು ಅಕ್ಕನದು. ಚೂಟಿಯ ಪಕ್ಕ ಕೂತು ಇಪ್ಪತ್ಮೂರು ದಿನವಾಯಿತು. ಹತ್ತೊಂಬತ್ತು ವರ್ಷದ ಹಿಂದೆ ಅಕ್ಕನ ಮಗಳಿಗೆ ಆ ಹೆಸರಿಟ್ಟವನೇ ನಾನು. ಬೇರೆ ಯಾರಿಗೆ ಹೊಳೆಯುತ್ತಿತ್ತು?

ಚೂಟಿ ಗಾಜಿನ ಆಚೆಯಿಂದ ಫೋನ್ ಮಾಡಿದಳು. ಹೋದ ವಾರದ ಔಷಧಿಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತಲ್ಲ, ಅದಕ್ಕೆ ಬದಲಿ ಕೊಡುತ್ತಾರಂತೆ. ಇದೂ ಎನ್‌ಜೈಮೇ, ಆದರೆ ಬೇರೆ ಬ್ಯಾಕ್ಟೀರಿಯಾದಿಂದ ತೆಗೆದದ್ದು. ರಕ್ತದ ಕ್ಯಾನ್ಸರಿಗೆ ಅದು ಏನು ಮಾಡುತ್ತದೆ ಅಂತ ಕೇಳಿದೆ.

“ಈ ಕೆಟ್ಟ ಕಣಗಳಿಗೆ ಸ್ವಂತ ಅಡುಗೆ ಬರಲ್ಲ ಮಾವ. ರಕ್ತದಲ್ಲಿ ಇರೋದನ್ನೇ ಎತ್ಕೊಂಡು ತಿನ್ನುತ್ವೆ. ಔಷಧಿ ಆ ಊಟಾನೇ ಇಲ್ಲದ ಹಾಗೆ ಮಾಡುತ್ತೆ. ಒಳ್ಳೇ ಕಣಗಳು ತಾವೇ ಮಾಡ್ಕೊಂಡು ತಿಂದು ಬದುಕ್ತವೆ.”

“ಅಷ್ಟೇನಾ?” ಅಂದೆ.

“ನಿಂಗೆ ಮಾತ್ರ ಕೊಡಬಾರ್ದು. ಮೂವತ್ತು ವರ್ಷದಿಂದ ಊಟ ನಮ್ಮನೇಲೇ ಅಲ್ವಾ.”

ನಕ್ಕಳು. ನಗು ಮೊದಲು ಗಾಜಿನಲ್ಲಿ ಕಂಡಿತು, ಒಂದು ಕ್ಷಣ ಬಿಟ್ಟು ಫೋನಿನಲ್ಲಿ ಕೇಳಿಸಿತು. ಆ ಒಂದು ಕ್ಷಣದ ಅಂತರವೇ ತಡೆಯಲಾಗುವುದಿಲ್ಲ. ಪಕ್ಕದಲ್ಲಿದ್ದಿದ್ದರೆ ತಲೆಗೆ ಮೊಟಕುತ್ತಿದ್ದೆ.

ಮಾರ್ಚ್ ೪, ಮಂಗಳವಾರ

ನನಗೂ ಕೆಲಸ ಬಂತು! ಬದಲಿ ಔಷಧಿ ಆಸ್ಪತ್ರೆಯಲ್ಲಿ ಇಲ್ಲ. ಸೇತುವೆ ಆಚೆಯ ಅಂಗಡಿಯವರು ತರಿಸಿಟ್ಟಿದ್ದಾರೆ. ಬುಧ, ಶುಕ್ರ, ಸೋಮ — ಹೀಗೆ ಒಂದೂ ತಪ್ಪದಂತೆ ಹಾಕಬೇಕು. ತಂಪು ಕೆಡದಂತೆ ತರಬೇಕು. ಅಕ್ಕ ನನ್ನ ಕಡೆ ನೋಡಿದಳು.

ಐಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತೇಳು ವರ್ಷ ದುಡಿದವನಿಗೆ ತಂಪಿನ ಪಾಠವೇ? ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಕೈಬಿಟ್ಟರು, ಐಸು ಕೈಬಿಡಲಿಲ್ಲ. ಡಾಕ್ಟರ ಎದುರೇ ಹೇಳಿದೆ — ಕಡು ಬೇಸಿಗೆಯಲ್ಲಿ ಇನ್ನೂರು ಮೈಲಿ ಮೀನು ಕಳಿಸಿದ್ದೇನೆ, ಒಂದರ ಕಣ್ಣೂ ಮಂಕಾಗಿಲ್ಲ. ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಮೆಚ್ಚಿಕೊಂಡರು ಅನಿಸುತ್ತದೆ.

ಮಾರ್ಚ್ ೫, ಬುಧವಾರ. ಮಧ್ಯಾಹ್ನ ಮೂರು

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಅಂಗಡಿಯ ಯಜಮಾನತಿ ಥರ್ಮೊಕೋಲ್ ಪೆಟ್ಟಿಗೆ ಕೊಟ್ಟರು. ಒಳಗೆ ಎರಡು ಜೆಲ್ ಪ್ಯಾಕು, ನಡುವೆ ರಟ್ಟು, ಅದರಾಚೆ ಬೆರಳುದ್ದದ ಸೀಸೆ. ಫ್ರಿಜ್ಜಿನಷ್ಟು ತಂಪು ಸಾಕು, ಹೆಚ್ಚಾಗಬಾರದು ಅಂತೇನೋ ಹೇಳುತ್ತಿದ್ದರು. ನಾನು ಮೀನಿನ ವಿಷಯ ಹೇಳುತ್ತಿದ್ದೆ.

ಬಸ್ ಸ್ಟಾಪಿನಲ್ಲಿ ತೆರೆದು ನೋಡಿದೆ. ಆ ಜೆಲ್ ಪ್ಯಾಕು ನೋಡಿ ನಗು ಬಂತು. ಎರಡು ಬಸ್ಸು, ಸುಡು ಬಿಸಿಲು, ಇದು ಸಾಲುತ್ತದೆಯೇ? ಪಕ್ಕದ ಜ್ಯೂಸ್ ಅಂಗಡಿಯಲ್ಲಿ ಐಸು ತೆಗೆದುಕೊಂಡೆ. ಉಪ್ಪು ಬೆರೆಸಿದೆ — ಬೆರೆಸಿದರೆ ಐಸು ಇನ್ನೂ ಕೊರೆಯುತ್ತದೆ, ಫ್ಯಾಕ್ಟರಿಯಲ್ಲಿ ಕಲಿತ ಮೊದಲ ಪಾಠ. ರಟ್ಟು ಕಿತ್ತು ಸೀಸೆಯನ್ನು ನಡುವೆ ಹೂತೆ. ಆಸ್ಪತ್ರೆ ಗೇಟಿನ ಬಳಿ ಐಸು ಸುರಿದು, ಒರೆಸಿ, ಜೆಲ್ ಪ್ಯಾಕು ಮೊದಲಿನಂತೆ ಜೋಡಿಸಿಟ್ಟೆ. ಕಸುಬಿನ ಗುಟ್ಟು ಎಲ್ಲರಿಗೂ ಯಾಕೆ?

ನರ್ಸಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ಓರೆ ಮಾಡಿದರು. ಒಳಗಿನದು ಅಲುಗಲಿಲ್ಲ. ಕಲ್ಲು.

ಹೆಪ್ಪುಗಟ್ಟಿದರೆ ಎನ್‌ಜೈಮು ಕೆಟ್ಟಂತೆಯೇ. ಕರಗಿಸಿದರೂ ಹಾಕುವಂತಿಲ್ಲ. ಯಾರು ಪ್ಯಾಕ್ ಮಾಡಿದ್ದು ಅಂತ ಕೇಳಿದರು.

“ಅಂಗಡಿಯವರು ಕೊಟ್ಟ ಹಾಗೇ ತಂದೆ.”

ಬಾಯಿಂದ ಬಿದ್ದೇ ಹೋಯಿತು. ಗಾಜಿನಾಚೆ ಚೂಟಿ ಸೂಜಿಗೆ ತಯಾರಾಗಿ, ಹೊಸ ಉಣ್ಣೆ ಟೋಪಿ ಹಾಕಿಕೊಂಡು ಕೂತಿದ್ದಳು. ನರ್ಸಮ್ಮ ಏನೋ ಹೇಳಿದರು. ಟೋಪಿ ತೆಗೆದು ಪಕ್ಕಕ್ಕಿಟ್ಟಳು.

ಮಾರ್ಚ್ ೬, ಗುರುವಾರ

ಆ ಅಂಗಡಿಯನ್ನು ನಂಬಬೇಡಿ, ಬೇರೆ ಕಡೆಯಿಂದ ತನ್ನಿ ಅಂದಿದ್ದಾರೆ ವಾರ್ಡಿನವರು. ಹನ್ನೊಂದು ಅಂಗಡಿ ಸುತ್ತಿದೆ. ಎಲ್ಲೂ ಇಲ್ಲ. ಒಬ್ಬ ಹದಿನೈದು ದಿನ ಅಂದ. ತಡವಾದಷ್ಟೂ ಆ ಕಣಗಳಿಗೆ ಮತ್ತೆ ಊಟ ಸಿಗುತ್ತದೆ ಅಂತ ಡಾಕ್ಟರು ಅಕ್ಕನಿಗೆ ಹೇಳಿದರು. ಸೇತುವೆ ಆಚೆಯ ಫ್ರಿಜ್ಜಿನಲ್ಲಿ ಇನ್ನೂ ಸೀಸೆಗಳಿವೆ. ಕಣ್ಣಾರೆ ಕಂಡಿದ್ದೇನೆ.

ಚೂಟಿ ಫೋನ್ ಮಾಡಿ, ಬೇಜಾರು, ಏನಾದರೂ ಬುರುಡೆ ಬಿಡು ಅಂದಳು. ಒಂದೂ ಬರಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟಳು. ಈಚೆಯಿಂದ ಇಡಲು ನನ್ನ ಕೈ ಏಳಲಿಲ್ಲ…

ಮಾರ್ಚ್ ೮, ಶನಿವಾರ. ಬೆಳಗ್ಗೆ

ನಿನ್ನೆ ಬರೆಯಲಿಲ್ಲ. ನಿನ್ನೆಯ ಸೂಜಿಯೂ ತಪ್ಪಿತು.

ಈಗ ಹೋಗಿ ಹೇಳಿಬಿಟ್ಟೆ. ನರ್ಸಮ್ಮನ ಮೇಜಿನ ಮುಂದೆ, ಅಕ್ಕ ಪಕ್ಕದಲ್ಲೇ ನಿಂತಿದ್ದಾಗ. ಐಸು, ಉಪ್ಪು, ರಟ್ಟು, ಸುಳ್ಳು, ಎಲ್ಲ. ನರ್ಸಮ್ಮ ಅಂಗಡಿಗೆ ಫೋನ್ ಹಚ್ಚಿದರು. ಅಕ್ಕ ಕೂಗಾಡಲಿಲ್ಲ.

“ಎರಡು ಸಲ ತಪ್ತಲ್ಲೋ. ಗೊತ್ತಿದ್ದೂ ಮೂರು ದಿನ ಸುಮ್ನಿದ್ಯಲ್ಲ.” ಆಮೇಲೆ, “ಹೋಗು. ಇಲ್ಲಿ ಕೂರ್ಬೇಡ.”

ಅದೇ ದಿನ, ಸಂಜೆ ಐದು

ಮೆಟ್ಟಿಲ ಮೇಲೆ ಕೂತಿದ್ದೇನೆ. ಇಲ್ಲಿಂದ ಗಾಜು ಕಾಣುವುದಿಲ್ಲ. ಮಧ್ಯಾಹ್ನ ಅಂಗಡಿಯ ಯಜಮಾನತಿ ತಾವೇ ಪೆಟ್ಟಿಗೆ ಹಿಡಿದು ಮೇಲೆ ಹೋದರು. ಇಳಿಯುವಾಗ ನನ್ನ ಪಕ್ಕ ನಿಂತರು. ಕ್ಷಮಿಸಿ ಅಂದೆ.

“ನಮ್ಮನ್ನ ಅಂದಿದ್ದು ಹೋಗ್ಲಿ ಬಿಡಿ ಅಣ್ಣ. ಹುಡುಗಿಗೆ ಹಾಕಿದ್ರು. ದದ್ದೇನೂ ಏಳಲಿಲ್ಲ.”

ಅವರು ಹೋದ ಮೇಲೆ ಅತ್ತೆ. ಐವತ್ತೆಂಟು ವರ್ಷದವನು, ಮೆಟ್ಟಿಲ ಮೇಲೆ.

ಮಾರ್ಚ್ ೧೦, ಸೋಮವಾರ. ೧೧:೧೫

ಎರಡನೆಯ ಸೂಜಿ ಹನ್ನೊಂದಕ್ಕೆ ಹಾಕಿದರಂತೆ. ಇನ್ನು ಒಂದು ಗಂಟೆ ಯಾರಾದರೂ ಪಕ್ಕದಲ್ಲಿ ಕೂತು ನೋಡುತ್ತಿರಬೇಕು — ದದ್ದು ಬಂತೇ, ಉಸಿರು ಸರಿಯಿದೆಯೇ. ನಾನು ಇಲ್ಲಿ ಮೆಟ್ಟಿಲ ಮೇಲೆ ಗೋಡೆ ನೋಡುತ್ತಿದ್ದೇನೆ.

೧೧:೨೦

ಫೋನ್ ಬಂತು. ಚೂಟಿ. ಶನಿವಾರದಿಂದ ಇದೇ ಮೊದಲು.

“ಅಮ್ಮ ಎಲ್ಲ ಹೇಳಿದ್ಳು. ಉಪ್ಪು ಎಷ್ಟು ಹಾಕಿದ್ದೆ?”

“ಎರಡು ಹಿಡಿ.”

“ಥೂ.”

ಫೋನಿನಲ್ಲಿ ಅವಳ ಉಸಿರು ಕೇಳಿಸಿತು. ಎಣಿಸಿದೆ. ಸರಿಯಾಗಿಯೇ ಇತ್ತು.

“ನಂಗೆ ತುಂಬಾ ಕೋಪ ಬಂದಿದೆ ಮಾವ. ಫೋನಲ್ಲಿ ಬೈಯೋಕಾಗಲ್ಲ. ಒಳಗೆ ಬಾ.”

೧೧:೨೫

ಅಕ್ಕ ಇಳಿದು ಬಂದಳು. ಹಸಿರು ಗೌನು, ಮಾಸ್ಕು ನನ್ನ ತೊಡೆ ಮೇಲೆ ಹಾಕಿದಳು. ಮೊಣಕೈವರೆಗೂ ಸೋಪು ಹಚ್ಚಿ ತೊಳೆಯಬೇಕಂತೆ. ಇನ್ನು ಮೂವತ್ತೈದು ನಿಮಿಷ ಇದೆ. ಬರೆಯೋದು ಆಮೇಲೆ, ಪುಸ್ತಕ ಇಡು ಅಂತಾಳೆ. ಈ ಗೌನಿನ ದಾರ ಬೆನ್ನ ಹಿಂದೆ, ಒಬ್ಬನಿಗೇ ಕಟ್ಟಿಕೊಳ್ಳಲು ಬಾರದು, ಅಕ್ಕ ಇನ್ನೂ ಹಿಂದೆಯೇ ನಿಂತಿ—