ತನ್ನ ಅರ್ಜಿಯನ್ನೇ ನಕಲು ಮಾಡಿದ ನನ್ನ ಮೊಮ್ಮಗಳು

ಮಾನ್ಯ ತರಬೇತಿ ಅಧಿಕಾರಿಗಳೇ,

ಮೊದಲು ಕನ್ನಡಕ ಹಾಕಿಕೊಳ್ಳಿ. ಇದನ್ನೂ ಓದದೆ ಸಹಿ ಮಾಡಿ ಪಕ್ಕಕ್ಕೆ ತಳ್ಳಬೇಡಿ. ನೀವು ಓದದೆ ತಳ್ಳುವವರು ಎಂಬುದಕ್ಕೆ ನನ್ನ ಬಳಿ ನಿಮ್ಮದೇ ಮೊಹರು ಬಿದ್ದ ಕಾಗದವಿದೆ. ನನ್ನ ಮೊಮ್ಮಗಳ ಅರ್ಜಿಯನ್ನು 'ನಕಲು' ಎಂದು ತಿರಸ್ಕರಿಸಿದ್ದೀರಿ. ಯಾರದ್ದರ ನಕಲು, ಸ್ವಾಮಿ? ಅವಳದ್ದರದೇ!

ನಾನು ಹಳ್ಳಿ ಶಾಲೆಯಲ್ಲಿ ಮೂರನೆಯ ತರಗತಿವರೆಗೆ ಓದಿದವಳು. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ, ನಿಮಗೂ ಅರ್ಥವಾಗಲಿ. ಮೊಮ್ಮಗಳು ಕ್ಯುರೇಟರ್ ಆಗಲು ಹೊರಟಿದ್ದಾಳೆ. ಅಂದರೆ ಯಾವ ಚಿತ್ರ ಯಾವ ಗೋಡೆಗೆ, ಯಾವುದರ ಪಕ್ಕ ಯಾವುದು ಎಂದು ಯೋಚಿಸಿ ಪ್ರದರ್ಶನ ಕಟ್ಟುವ ಕೆಲಸ. ನನ್ನ ತಮ್ಮ ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು. ಎಸೆದ ಹಳೆಯ ಬೋರ್ಡಿನ ತಗಡುಗಳ ಬೆನ್ನಿಗೆ, ಆ ಅಂಗಡಿಗಳ ಮುಂದೆ ನಿಂತಿದ್ದವರ ಚಿತ್ರ ಬರೆದಿಟ್ಟಿದ್ದಾನೆ: ಬೂಟು ಹೊಲಿಯಲು ಕೊಟ್ಟು ಒಂಟಿಕಾಲಲ್ಲಿ ನಿಂತ ಪೊಲೀಸಪ್ಪ, ಔಷಧದ ಚೀಟಿ ಹಿಡಿದು ಸಾಲಿನಲ್ಲೇ ನಿದ್ದೆ ಹೋದ ಹೆಂಗಸು. ಎಲ್ಲವೂ ನನ್ನ ಕೋಣೆಯಲ್ಲಿವೆ. ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ನಾನು ಅಡ್ಡಡ್ಡ ನುಸುಳಿ ಹಾಗೇ ಮಂಚಕ್ಕೆ ಉರುಳಬೇಕು. ಮಗ್ಗುಲು ಬದಲಿಸಿದರೆ ತಗಡಿನ ಗದ್ದಲ.

ತಮ್ಮನ ದೃಷ್ಟಿ ಹೋಗುತ್ತಿದೆ. ಇನ್ನು ಕೆಲವೇ ತಿಂಗಳು ಎಂದಿದ್ದಾರೆ ಡಾಕ್ಟರು. "ಅಕ್ಕಾ, ಒಂದ್ಸಲ ಎಲ್ಲಾನೂ ಸಾಲಾಗಿ ನಿಲ್ಸಿ ನೋಡ್ಬೇಕಿತ್ತು ಕಣಕ್ಕಾ" ಎನ್ನುತ್ತಾನೆ.

ಅದಕ್ಕೇ ಮೊಮ್ಮಗಳು ನಿಮ್ಮ ಕಚೇರಿಯ ಕೆಳಗಿನ ಸಭಾಂಗಣ ಕೇಳಿದಳು. ಮೊದಲು ಪ್ರಸ್ತಾವನೆ ಬರೆಯುವ, ಪ್ರಾಯೋಜಕರನ್ನು ಒಲಿಸುವ ತರಬೇತಿ ಮುಗಿಸಿ ಎಂದಿರಿ. ಮುಗಿಸಿದಳು. ಅಭ್ಯಾಸಕ್ಕೆಂದು ಈ ತಗಡುಗಳ ಬಗ್ಗೆಯೇ ಬರೆದಳು. ನಿಮ್ಮ ತರಬೇತುದಾರರು ಕೊಂಡಾಡಿ, ಅವಳ ಹೆಸರು ತೆಗೆದು, 'ಮಾದರಿ ಪ್ರಸ್ತಾವನೆ' ಎಂದು ಅಚ್ಚುಹಾಕಿಸಿ ಎಲ್ಲರಿಗೂ ಹಂಚಿದರು. ಅವತ್ತು ಮನೆಯಲ್ಲಿ ಎಷ್ಟು ಹಿಗ್ಗಿದೆವು, ಪೆದ್ದು ಮುಂಡೇವು! ಅದನ್ನೇ ನಿಜವಾದ ಅರ್ಜಿಯಾಗಿ ಕೊಟ್ಟಾಗ ನಿಮ್ಮ ಕಾಗದ ಬಂತು: ಮಾದರಿಯನ್ನು ನಕಲು ಮಾಡಿದ್ದೀರಿ, ಮತ್ತೆ ತರಬೇತಿ ಪಡೆದು ಬನ್ನಿ.

ನಾನೇ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ತಲೆಯೆತ್ತಲಿಲ್ಲ.

"ಬೇರೆ ಥರ ಬರೀಲಿ, ಅಜ್ಜಿ."

"ಬೇರೆ ಏನಪ್ಪಾ ಬರೀಬೇಕು? ನನ್ನ ತಮ್ಮನಿಗೆ ಕಣ್ಣು ಚೆನ್ನಾಗಿ ಕಾಣ್ಸುತ್ತೆ ಅಂತಾನಾ?"

"ನಿಯಮ ಅಜ್ಜಿ, ನಾನೇನ್ ಮಾಡ್ಲಿ?"

ಸಭಾಂಗಣದ ಕಿಟಕಿಯಲ್ಲಿ ಇಣುಕಿದೆ. ಗೋಡೆಗಳು ಬೋಳು. ನಡುವೆ ಮಡಚಿದ ಕುರ್ಚಿಗಳ ರಾಶಿ, ಬಾಗಿಲಿಗೆ ಬೀಗ. ಆ ಕುರ್ಚಿಗಳು ಯಾವ ಪ್ರಸ್ತಾವನೆ ಬರೆದು ಒಳಗೆ ಹೋದವು?

ಈಗ ಮೊಮ್ಮಗಳು ನಿಮ್ಮ ಎರಡನೆಯ ತರಬೇತಿಯಲ್ಲಿ ಕುಳಿತಿದ್ದಾಳೆ. "ಈ ಮಾದರಿ ಯಾಕೆ ಚೆನ್ನಾಗಿದೆ, ಹೇಳಮ್ಮಾ" ಎಂದು ಅವಳನ್ನೇ ಕೇಳಿದರಂತೆ. ಎದುರಾಡಿದರೆ ಪ್ರಮಾಣಪತ್ರ ತಪ್ಪೀತೆಂದು ಎದ್ದು ನಿಂತು ಉತ್ತರ ಒಪ್ಪಿಸಿದಳಂತೆ. ಮೊನ್ನೆ ತಮ್ಮ ಆ ನಿದ್ದೆಯ ಹೆಂಗಸಿನ ತಗಡನ್ನು ಬೆಳಕಿಗೆ ಹಿಡಿದು, "ಇದು ಪೊಲೀಸಪ್ಪ ಅಲ್ವೇನಕ್ಕಾ?" ಎಂದ. ಹೂಂ ಎಂದೆ.

ಬೀಗ ತೆಗೆಸಿ. ಮೂರು ಹಗಲು ಸಾಕು. ಮುಂದಿನ ತಿಂಗಳು ಹುಟ್ಟುವ ಮುಂಚೆ ಉತ್ತರ ಬರೆಯಿರಿ; ದೊಡ್ಡ ಅಕ್ಷರದಲ್ಲಿ ಬರೆಯಿರಿ, ಅವನೇ ಓದಿಕೊಳ್ಳಲಿ.

ಇಂತಿ,
ತನ್ನ ಕೋಣೆಗೆ ತಾನೇ ಅಡ್ಡಡ್ಡ ನುಸುಳುವ,
ಬೋರ್ಡು ಬರೆಯುವವನ ಅಕ್ಕ