ತಗೀಬಾರದಿದ್ದ ಫೈಲು

ಜುಲೈ 14, ಸೋಮವಾರ

7:10ರ ಬಸ್ಸು. ಹುನಗುಂದದಾಗ ಹತ್ತಿ, ಅಮೀನಗಡ ದಾಟಿದ ಮ್ಯಾಲೆ ಸೀಟು ಸಿಕ್ತು. ಬಾಗಲಕೋಟಿ ದವಾಖಾನಿ ಮುಟ್ಟಿದಾಗ 8:40. ಬ್ಯಾಕಪ್ ನೋಡಿದೆ, ಸರಿ ಇತ್ತು. ಚಾಕ್ಕ ಏಳಬೇಕಂದ್ರ ಡೇಟಾಬೇಸ್ ಕಂಪನಿ ಮೇಲ್. ಸಾಫ್ಟ್‌ವೇರಿನಾಗ ತೂತು ಸಿಕ್ಕೇತಂತ. ಸಾದಾ ಲಾಗಿನ್ ಇದ್ದವರು ನಾಕು ಸಾಲು ಕೋಡ್ ಬರದು ಓಡಿಸಿದರ ಮಾಸ್ಟರ್ ಆಗಿಬಿಡ್ತಾರ. ಯಾವ ಪೇಶಂಟ್ ಫೈಲ್ ಬೇಕಾದ್ರೂ ತಗೀಬಹುದು. ತೂತು ಮುಚ್ಚೂ ಪ್ಯಾಚ್ ಕಳಿಸ್ಯಾರ. ಇವತ್ತ ಹಾಕ್ರಿ ಅಂದಾರ.

ನನಗ ಮಾಸ್ಟರ್ ಇಲ್ಲ. ಆರು ವರ್ಷ ಆತು ಈ ಸರ್ವರ್ ಕಾಯಲಿಕ್ಕತ್ತು, ಒಳಗಿನ ಒಂದ ಫೈಲೂ ಓದಿಲ್ಲ. ಆ ಪಾಸ್‌ವರ್ಡ್ ಐಟಿ ಹೆಡ್ ಸಂಗಮೇಶ ಸರ್ ಹಂತ್ಯಾಕ ಅಷ್ಟ.

"ಎರಡ ತಾಸು ಸರ್ವರ್ ನಿಂದ್ರಿಸಿದ್ರ ಮುಗೀತೈತ್ರಿ ಸರ್," ಅಂದೆ.

"ಎರಡ ತಾಸು ಓಪಿಡಿ ನಿಂತರ ಡಾಕ್ಟರು ನನ್ನ ನಿಂದ್ರಸ್ತಾರ, ಆಫ್ರೀನ. ತಿಂಗಳ ಕೊನಿಗೆ ನೋಡೂಣು."

ಆ ನಾಕು ಸಾಲು ಯಾರೋ ನೆಟ್ಟಿನಾಗ ಹಾಕಿಬಿಟ್ಟಾರ ಆಗಲೇ.

ಜುಲೈ 15

ಟೆಸ್ಟ್ ಸರ್ವರಿನಾಗ ಓಡಿಸಿ ನೋಡಿದೆ. ಅರ್ಧ ನಿಮಿಷ... ಮಾಸ್ಟರ್. ಸರ್‌ನ ಕರದು ತೋರಿಸಿದೆ. "ಇದು ಟೆಸ್ಟ್ ಐತಿ. ಖರೇದರಾಗ ಯಾರ ಮಾಡ್ತಾರ ಬಿಡ್ರಿ."

ಮನಿಗೆ ಬಂದ್ರ ಅಮ್ಮಿ ತಂಗಿ ಜೈನಬಿ ಖಾಲಾ ಕುಂತಿದ್ರು. ಮತ್ತ ಗುಡೂರಿನ ಹುಡುಗಿ ಮಾತು. ನಮ್ಮಣ್ಣ ಬಂದೇನವಾಜ ಭಾಯಿಗೆ ಎರಡನೇ ನಿಕಾಹ್ ಮಾಡೂದಂತ. ಅಮ್ಮಿ ಅಂದ್ಲು, "ಐದು ವರ್ಷ ನೋಡಿದೆವು, ಒಂದು ಕೂಸಿಲ್ಲ. ಇನ್ನೆಷ್ಟು ನೋಡೂದು." ಭಾಯಿ ಹೆಂಡತಿ ಸಾಜಿಯಾ ಭಾಭಿ ಒಳಗ ರೊಟ್ಟಿ ಬಡೀತಿದ್ರು. ಎಲ್ಲಾ ಕೇಳಸ್ತಿತ್ತು ಅವರಿಗೆ, ಕೈ ನಿಲ್ಲಲಿಲ್ಲ. ಭಾಯಿ ಮೊಬೈಲ್ ನೋಡಕೋತ ಕುಂತಿದ್ದ.

ಭಾಭಿನ್ನ ನಮ್ಮ ದವಾಖಾನಿ ವರಾಂಡಾದಾಗ ಎರಡ ಸಲ ನೋಡೇನಿ. ಹಲ್ಲು ನೋವು ಅಂದಿದ್ರು. ಆ ಕಡೆ ಹಲ್ಲಿನ ಡಾಕ್ಟರೇ ಇಲ್ಲ.

ಜುಲೈ 17, ಮಧ್ಯಾಹ್ನ 2:00

ಮಾಡಿಬಿಟ್ಟೆ.

ರಿಸೆಪ್ಶನ್ ಗೀತಾಂಜಲಿ ಪ್ರಿಂಟರ್ ನೋಡ್ರಿ ಅಕ್ಕಾ ಅಂತ ಕರದ್ಲು, ತಾ ಊಟಕ್ಕ ಹೋದ್ಲು. ಲಾಗಿನ್ ಹಂಗ ತಗದಿತ್ತು. ಪ್ರಿಂಟರ್ ಎರಡ ನಿಮಿಷದ ಕೆಲಸ. ಎದ್ದು ಬರಬೇಕಿತ್ತು. ಬರಲಿಲ್ಲ. ತೂತು ಖರೇ ಸರ್ವರಿನಾಗೂ ಐತೋ ಇಲ್ಲೋ ನೋಡಾಕ ಅಂತ ಇಲ್ಲಿ ಬರೀಬಹುದು. ಸುಳ್ಳು. ಭಾಭಿ ಹೆಸರು ಹುಡುಕಾಕ ಆ ನಾಕು ಸಾಲು ಓಡಿಸಿದೆ.

ಒಂದ ಫೈಲಿನಾಗ ಇಬ್ಬರ ರಿಪೋರ್ಟೂ ಅದಾವ. ಭಾಭಿದೆಲ್ಲಾ ಸರಿ. ಭಾಯಿದಲ್ಲ. ಎರಡ ಸಲ ವೀರ್ಯದ ಟೆಸ್ಟ್ ಮಾಡ್ಯಾರ, ಎರಡೂ ಸಲ ಸೊನ್ನಿ. ಕೆಳಗ ಡಾಕ್ಟರ್ ನೋಟು, ಫೆಬ್ರುವರಿದು — ಗಂಡ ಹೆಂಡತಿ ಇಬ್ಬರಿಗೂ ತಿಳಿಸಲಾಗಿದೆ.

ಇಬ್ಬರಿಗೂ. ಭಾಯಿಗೆ ಗೊತ್ತೈತಿ.

ಜುಲೈ 18

ಊಟಕ್ಕ ಕುಂತಾಗ ಭಾಯಿ ಉಪ್ಪು ಕೇಳಿದ. ಕೊಡಲಿಲ್ಲ. ಭಾಭಿ ಎದ್ದು ಕೊಟ್ರು. ಅಮ್ಮಿ ಭಾಭಿಗೆ ಏನೋ ಅಂದ್ಲು, ಬರಿಯೂದಿಲ್ಲ. ಫೈಲಿನ ಮಾತು ನನ್ನ ಬಾಯಿತನಾ ಬಂದಿತ್ತು. ಹೆಂಗ ಗೊತ್ತಾತು ಅಂದ್ರ ಏನ ಹೇಳ್ಲಿ?

ಜುಲೈ 29, ಮಂಗಳವಾರ

ಹತ್ತು ದಿನ ಬರೀಲಿಲ್ಲ. ಕುಂತರ ಏಳಬೇಕನಸ್ತೈತಿ, ಎದ್ರ ಎಲ್ಲಿಗೆ ಹೋಗ್ಲಿ ಅನಸ್ತೈತಿ. ಬಸ್ಸಿನಾಗ ಎರಡ ಸಲ ಸ್ಟಾಪ್ ಬಿಟ್ಟು ಮುಂದ ಹೋಗಿ ಇಳದೇನಿ.

ಪ್ಯಾಚ್ ಹಾಕೂ ಮುಂಚೆ ಸರ್, ಯಾರು ಯಾವಾಗ ಏನ ತಗದಾರ ಅನ್ನೂ ಹಳೇ ಲಾಗ್ ತಗದ್ರು. 17ನೇ ತಾರೀಖು, 1:22. ರಿಸೆಪ್ಶನ್ ಲಾಗಿನ್ ಮಾಸ್ಟರ್ ಆಗೇತಿ, ಒಂದು ಫೈಲ್ ತಗದೈತಿ. ಗೀತಾಂಜಲಿನ್ನ ಕರಿಸಿದ್ರು.

"ನನಗ ಎಕ್ಸೆಲ್ಲೂ ಪೂರಾ ಬರೂದಿಲ್ರಿ ಸರ್," ಅಂದ್ಲು. ಅಳಲಿಲ್ಲ. ಕೊರಳಾಗಿನ ಐಡಿ ಕಾರ್ಡು ತಿರುವಿ ತಿರುವಿ ನೋಡಕೋತ ನಿಂತಿದ್ಲು. ನಾ ಬಾಗಿಲದಾಗ ಇದ್ದೆ. ಅಲ್ಲಿಂದ ನನ್ನ ಸೀಟಿಗೆ ಬಂದೆ.

ಜುಲೈ 30

ಗೀತಾಂಜಲಿಗೆ ಬರಬ್ಯಾಡ ಅಂದಾರ. ಸಂಜೀಕ ಫೋನ್ ಮಾಡಿದ್ಲು. "ಅಕ್ಕಾ, ಅವತ್ತ ನೀವು ಪ್ರಿಂಟರ್ ನೋಡಿ ಹೋದ ಮ್ಯಾಲೆ ನನ್ನ ಟೇಬಲ್ ಕಡೆ ಯಾರಾರ ಬಂದಿದ್ರೇನ್ರಿ? ನೆನಪ ಮಾಡ್ಕೊಂಡು ಹೇಳ್ರಿ, ನಿಮ್ಮ ಮಾತು ಸರ್ ಕೇಳ್ತಾರ."

ನನ್ನ ಮ್ಯಾಲೆ ಸಂಶಯಾನೇ ಇಲ್ಲ ಆಕಿಗೆ. ನೆನಪ ಮಾಡ್ಕೊತೇನಿ ಅಂದು ಇಟ್ಟೆ.

ಜುಲೈ 31, ಗುರುವಾರ

ಹೇಳಿದೆ. ಬ್ಯಾಗೂ ಇಳಿಸಿರಲಿಲ್ಲ. ಸರ್ ಕ್ಯಾಬಿನ್ ಬಾಗಿಲಾ ಹಾಕಿಕೊಂಡು, "17ನೇ ತಾರೀಖು ಆಕಿ ಮಷೀನಿನಾಗ ಕುಂತಿದ್ದಾಕಿ ನಾ ರಿ," ಅಂದೆ.

ಅವರು ಲಾಗ್ ಪ್ರಿಂಟ್ ನನ್ನ ಕಡೆ ಸರಿಸಿದ್ರು. ಆಮ್ಯಾಲೆ, "ಯಾರ ಫೈಲು?"

"ನಂಬರ್ ಲಾಗ್‌ನಾಗ ಐತ್ರಿ. ಹೆಸರು ಕೇಳಬ್ಯಾಡ್ರಿ ಸರ್. ಅವರದೇನೂ ತಪ್ಪಿಲ್ಲ."

"ತೂತು ಐತಿ ಅಂತ ನೀವ ಹೇಳಿದ್ರಿ, ನಾ ಮುಚ್ಚಲಿಲ್ಲ. ಅದನ್ನೂ ಬರೀತೇನಿ ಮ್ಯಾನೇಜ್‌ಮೆಂಟಿಗೆ. ಆದ್ರ ಒಳಗ ಹೋದವರು ನೀವು, ಆಫ್ರೀನ. ಅದೂ ಆ ಹುಡುಗಿ ಹೆಸರಿಲೆ."

ಹೌದು ಅಂದೆ. ಗೀತಾಂಜಲಿನ್ನ ವಾಪಸ್ ಕರೀತಾರ. ನನಗ ನಾಳಿಂದ ರಜಾ... ರಜಾ ಅಂತ ಬಾಯಿಲೆ ಅಂದ್ರು, ಕೆಲಸ ಬಿಡಿಸಿದ ಪತ್ರ ಆಮ್ಯಾಲೆ ಬರ್ತೈತಿ. ಆಕಿಗೆ ಫೋನ್ ಮಾಡಿದೆ, ನಾನ ಹೇಳಿದೆ. ಪೂರಾ ಕೇಳಿ ಕಟ್ ಮಾಡಿದ್ಲು.

ಆಗಸ್ಟ್ 1, ಶುಕ್ರವಾರ, ಸಂಜಿ

ಮಾಳಿಗಿ ಮ್ಯಾಲೆ ಭಾಭಿ ಬಟ್ಟಿ ತಗೀತಿದ್ರು. ಕೆಲಸ ಯಾಕ ಹೋತು ಅಂತ ಹೇಳಿದೆ. ಏನೇನ ಓದಿದೆ ಅನ್ನೂದನ್ನೂ ಹೇಳಿದೆ. ಸಮಾಧಾನ ಆಗ್ತೈತಿ ಅವರಿಗೆ, ಜೋಡಿ ಒಬ್ಬಾಕಿ ಅದಾಳ ಅನಸ್ತೈತಿ ಅಂದ್ಕೊಂಡಿದ್ದೆ.

ಭಾಭಿ ಮಡಚಿದ ಅಂಗೀನ ಬಿಚ್ಚಿ ಮತ್ತ ಮಡಚಿದ್ರು. "ಫೆಬ್ರುವರಿಯಿಂದ ಕಾಯಲಿಕ್ಕತ್ತೇನಿ, ಅವರು ತಾವ ಅಮ್ಮಿಗೆ ಹೇಳಲಿ ಅಂತ. ಹೇಳೂದು ಬಿಡೂದು ನಮ್ಮಿಬ್ಬರ ಕೈಯಾಗಿತ್ತು. ಈ ಮನ್ಯಾಗ ನಂದು ಅಂತ ಅದೊಂದ ಇತ್ತು, ಆಫ್ರೀನ. ಅದರಾಗೂ ನೀ ಕೈ ಹಾಕಿದಿ."

ತಪ್ಪಾತು ಭಾಭಿ ಅಂದೆ.

"ತಪ್ಪಾತು ಖರೆ. ಅಮ್ಮಿಗೆ ನೀ ಹೇಳಬ್ಯಾಡ. ಅಷ್ಟಾದ್ರೂ ಮಾಡು."

ಬಟ್ಟಿ ಎತ್ಕೊಂಡು ಇಳದ್ರು. ಇಳಕಲ್ಲ ಗ್ರಾನೈಟ್ ಕಾರ್ಖಾನಿಯಿಂದ ಭಾಯಿ ಆಗ ಬಂದಿದ್ದ. ಇಬ್ಬರೂ ಖೋಲಿಗೆ ಹೋದ್ರು. ಬಾಗಿಲಾ ಹಾಕ್ಕೊಂಡು ಒಂದ ತಾಸು.

ಈಗ ಜೈನಬಿ ಖಾಲಾ ಬಂದಾರ. ರವಿವಾರ ಗುಡೂರಿಗೆ ಹೋಗೂದಂತ, ಗಾಡಿ ಹೇಳೇನಿ ಅನ್ನಾಕತ್ತಾರ. ನಾ ಒಳಗ ಕುಂತು ಬರೀಲಿಕ್ಕತ್ತೇನಿ, ಹೊರಗ ಹೋಗಾಕ ಮನಸಿಲ್ಲ. ಎಲ್ಲಾ ಕೇಳಸ್ತೈತಿ. ಅಮ್ಮಿ ಚಾ ಇಡು ಅಂತ ಭಾಭಿನ್ನ ಕೂಗಿದ್ಲು. ಭಾಯಿ ಧ್ವನಿ...

"ಅಮ್ಮಿ, ಗಾಡಿ ಬ್ಯಾಡ. ಇಲ್ಲಿ ಕುಂದರು. ಆಕಿದೇನೂ ಇಲ್ಲ, ದವಾಖಾನ್ಯಾಗ ನನಗ —"