ಅಮಾವಾಸ್ಯೆಯ ಮರುದಿನದ ಉಸಿರು

ಇಳಕಲ್
೬ ಫೆಬ್ರವರಿ ೨೦೨೬, ಶುಕ್ರವಾರ

ಪ್ರೀತಿಯ ಅಪ್ಪಾ,

ನಿನ್ನ ಮಗಳು ಸುಶ್ಮಿತಾಳ ನಮಸ್ಕಾರ. ಆರೋಗ್ಯ ಹೇಗಿದೆ? ಇಚಲಕರಂಜಿಯ ಖಾನಾವಳಿಯ ಚಪಾತಿ ಈಗಾದರೂ ಗಂಟಲಲ್ಲಿ ಇಳಿಯುತ್ತಿದೆಯೋ ಇಲ್ಲವೋ? ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಗುತ್ತದೆಯೇ? ಕೆಮ್ಮು ಬೆಳಿಗ್ಗೆ ಹೆಚ್ಚೋ, ಸಂಜೆ ಹೆಚ್ಚೋ? ಇವಕ್ಕೆಲ್ಲ ಒಟ್ಟಿಗೆ "ಆರಾಮ ಅದೇನಿ" ಎಂಬ ಒಂದೇ ಉತ್ತರ ಕೊಡಬೇಡ. ಒಂದೊಂದಕ್ಕೂ ಬೇರೆ ಬೇರೆ ಬರೆ. ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಿನ್ನ ಹಿಂದೆ ಪವರ್‌ಲೂಮಿನ ಗದ್ದಲ, ನನ್ನ ಹಿಂದೆ ಅವ್ವ. ಬೇಡವಾದ ಮಾತು ಬಂದರೆ ನೀನು "ಆಮ್ಯಾಲ ಮಾತಾಡ್ತೇನಿ" ಎಂದು ಇಟ್ಟುಬಿಡುತ್ತೀ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು.

ಮೊದಲು ಮನೆಯ ಸುದ್ದಿ. ಅವ್ವನ ಮೊಣಕಾಲು ಈಗ ಪರವಾಗಿಲ್ಲ, ಬಾಯಿ ಮಾತ್ರ ಮೊದಲಿನಂತೆಯೇ ಇದೆ. ಬಿ.ಪಿ. ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾಳೆ. ದಿನವೂ ನುಂಗಿದರೆ ರೂಢಿಯಾಗುತ್ತದೆ ಎಂದು ಅವಳ ವಾದ. ನಾನು ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಓದಿದ್ದೇನೆಂದು ನೆನಪು ಮಾಡಿದರೆ, "ಓದಿದಾಕಿ ಅದೀ, ಡಾಕ್ಟರ್ ಅಲ್ಲ" ಎನ್ನುತ್ತಾಳೆ. ಹೋದ ವಾರ ಬಾದಾಮಿಯಿಂದ ನಿನ್ನ ಅಣ್ಣನ ಮಗ ಶ್ರೀಶೈಲ ಬಂದಿದ್ದ. ಶಿವಯೋಗ ಮಂದಿರದ ಹತ್ತಿರ ನಿನಗಾಗಿ ನೋಡಿದ್ದ ತೋಟದ ಕೆಲಸಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವಂತೆ. "ಕಾಕಾಗ ಹೇಳವ್ವಾ, ಹೊಳಿ ದಂಡಿ, ಗಾಳಿ ಚಲೋ ಐತಿ, ಧೂಳಿಲ್ಲ" ಎಂದು ಮೂರು ಸಲ ಹೇಳಿ ಹೋದ. ಆ ಮಾತನ್ನು ನಿನಗೆ ಮುಟ್ಟಿಸಿದ್ದೇನೆ.

ಈಗ ನನ್ನ ಸುದ್ದಿ. ಅಪ್ಪಾ, ಪಿಎಚ್.ಡಿ.ಯ ಫೆಲೋಶಿಪ್ ಸಿಗಲಿಲ್ಲ. ಮಂಗಳವಾರ ಪಟ್ಟಿ ಬಂತು. ಬಾಗಲಕೋಟೆಯ ಕಾಲೇಜಿನಲ್ಲಿ, ನನಗೆ ಕಲಿಸಿದ ಗೀತಾಂಜಲಿ ಮೇಡಂ ಅವರ ಕೋಣೆಯಲ್ಲೇ ಕೂತು ನೋಡಿದೆ. ಹೆಸರಿರಲಿಲ್ಲ, ಕಾಯುವವರ ಪಟ್ಟಿಯಲ್ಲೂ ಇರಲಿಲ್ಲ. ಮೇಡಂ ಚಹಾ ತರಿಸಿದರು. ಕುಡಿಯಲಾಗಲಿಲ್ಲ. ಬರುವಾಗ ಬಸ್ಸು ಹುನಗುಂದದಲ್ಲಿ ಕೆಟ್ಟು ನಿಂತಿತು. ಎಲ್ಲರೂ ಇಳಿದು ಕಂಡಕ್ಟರನ ಮೇಲೆ ಹರಿಹಾಯುತ್ತಿದ್ದರೆ ನಾನೊಬ್ಬಳು ಕಿಟಕಿಯ ಪಕ್ಕ ಕೂತು ಅತ್ತೆ. ಕೆಲಸ ಬಿಟ್ಟು ಎರಡು ತಿಂಗಳು ಓದಿದ್ದು, ತಹಶೀಲ್ದಾರ ಕಚೇರಿಯಲ್ಲಿ ಪ್ರಮಾಣಪತ್ರಕ್ಕೆ ನಿಂತದ್ದು, ನೀನು ನನ್ನನ್ನು ನಂಬಿ ಊರು ಬಿಟ್ಟದ್ದು, ಎಲ್ಲ ಒಮ್ಮೆಲೇ ನೆನಪಾಯಿತು. ಯಾಕೆ ಸಿಗಲಿಲ್ಲ ಎಂಬುದನ್ನು ನಿನಗೆ ಮೊದಲಿನಿಂದ ಹೇಳಬೇಕು. ಅದು ನನ್ನ ವಿಷಯವಷ್ಟೇ ಅಲ್ಲ, ನಿನ್ನ ಎದೆಯ ವಿಷಯವೂ ಹೌದು.

ಪಿಎಚ್.ಡಿ.ಗೆ ವಿಷಯ ಬೇಕೆಂದಾಗ ನಾನು ನಮ್ಮ ಓಣಿಯನ್ನೇ ಆರಿಸಿಕೊಂಡಿದ್ದು ನಿನಗೆ ಗೊತ್ತು. ಹತ್ತಿಯ ಧೂಳು ನೇಕಾರರ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ನೋಡುವುದು. ಅರ್ಜಿಯ ಜೊತೆಗೆ ಸ್ವಲ್ಪವಾದರೂ ಸ್ವಂತ ಅಳತೆ ಇರಲಿ ಎಂದು ಮೇಡಂ ಕಾಲೇಜಿನ ಸಮಿತಿಯ ಒಪ್ಪಿಗೆ ಕೊಡಿಸಿ, ಉಸಿರು ಅಳೆಯುವ ಪ್ಲಾಸ್ಟಿಕ್ ಕೊಳವೆಯನ್ನೂ ಕೊಟ್ಟರು. ನವೆಂಬರಿನ ಅಮಾವಾಸ್ಯೆಯ ದಿನ ಅದನ್ನು ಹಿಡಿದುಕೊಂಡು ಮನೆಮನೆಗೆ ಬಂದಿದ್ದೆನಲ್ಲ. ನಮ್ಮ ಓಣಿಯಲ್ಲಿ ಮಗ್ಗಕ್ಕೆ ರಜೆ ಎಂದರೆ ಅಮಾವಾಸ್ಯೆ. ಉಳಿದ ದಿನ ಯಾರು ಕೈಗೆ ಸಿಗುತ್ತಾರೆ ಎಂದು ನೀನೂ ಹೇಳಿದ್ದೆ. ಹನ್ನೆರಡು ಜನ ಊದಿದಿರಿ. ಹನ್ನೆರಡೂ ಜನರದ್ದು ಚೆನ್ನಾಗಿ ಬಂತು. ನಿನ್ನದು ನಾನೂರ ಮೂವತ್ತು. ಕೊಳವೆಯ ಮುಳ್ಳು ಏರಿ ನಿಂತದ್ದನ್ನು ನೋಡಿ ನಾನೇ ಚಪ್ಪಾಳೆ ತಟ್ಟಿದ್ದೆ. ನಿನ್ನ ವಯಸ್ಸಿಗೆ, ಮೂವತ್ತು ವರ್ಷ ಧೂಳು ಕುಡಿದ ಎದೆಗೆ, ಅದು ಬಹಳ ಒಳ್ಳೆಯ ಸಂಖ್ಯೆ.

ಅದನ್ನು ನೋಡಿದ ಮೇಲೆ ನನ್ನ ತಲೆ ಎಲ್ಲಿಗೋ ಹೋಯಿತು. ಬೇರೆ ಊರುಗಳಲ್ಲಿ ಅಳೆದವರಿಗೆಲ್ಲ ಕೆಟ್ಟ ಎದೆಗಳು ಸಿಕ್ಕಿವೆ, ನನಗೆ ಗಟ್ಟಿ ಎದೆಗಳು ಸಿಕ್ಕವು. ಹಾಗಾದರೆ ನಮ್ಮ ಜನರ ರಕ್ತದಲ್ಲಿ ಧೂಳನ್ನು ತಡೆಯುವಂಥದ್ದು ಏನೋ ಇರಬೇಕು, ಅದನ್ನು ಹುಡುಕುತ್ತೇನೆ ಎಂದು ಅರ್ಜಿ ಬರೆದೆ. ಎಂಟು ಪುಟ. "ಈ ಸಂಶೋಧನೆಯಿಂದ ಯಾರಿಗೆ ಉಪಯೋಗ" ಎಂಬ ಕಲಮಿನಲ್ಲಿ ನಿನ್ನನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೆ. ಡಿಸೆಂಬರಿನಲ್ಲಿ ಸಂದರ್ಶನಕ್ಕೆ ಕರೆ ಬಂತು. ಈ ಸಂಖ್ಯೆಗಳನ್ನು ನೋಡಿಯೇ ಕರೆದಿದ್ದಾರೆ ಎಂದು ಮೇಡಂ ಹೇಳಿದರು. ಅಷ್ಟರಲ್ಲಿ ಶ್ರೀಶೈಲ ನಿನಗಾಗಿ ನೋಡಿದ್ದ ತೋಟದ ಕೆಲಸವನ್ನು ಒಲ್ಲೆನೆಂದು ನೀನು ಇಚಲಕರಂಜಿಯ ದಾರಿ ಹಿಡಿದಿದ್ದೆ. ಅವ್ವ ಬೇಡವೆಂದಾಗ, "ಮಗಳು ಊದಿಸಿ ನೋಡ್ಯಾಳ, ನನ್ನ ಎದಿ ಗಟ್ಟಿ ಐತಿ" ಎಂದೆ. ನನಗೆ, "ನೀ ಲ್ಯಾಬಿನ ನೌಕರಿ ಬಿಟ್ಟು ಓದು, ನಾ ಅದೇನಿ" ಎಂದೆ. ಅವತ್ತು ನಾನು ಎಷ್ಟು ಉಬ್ಬಿದ್ದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಸಂದರ್ಶನಕ್ಕೆ ನಾಲ್ಕು ದಿನ ಇರುವಾಗ ನಮ್ಮ ಓಣಿಯ ಕಾಸಿಂಬಿ ಅಜ್ಜಿಯ ಮನೆಗೆ ಹೋಗಿದ್ದೆ. ರಾಟೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದಳು. ಎಲ್ಲರದ್ದೂ ಚೆನ್ನಾಗಿ ಬಂದಿದೆ, ಅಜ್ಜಿ, ನಿನ್ನದೂ ಚೆನ್ನಾಗಿ ಬಂದಿದೆ ಎಂದು ಅವಳಿಗೆ ಹೇಳಿದೆ. ಅವಳು ರಾಟೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಅಮಾಸಿ ದಿನಾ ಯಾರ ಎದಿ ಕೆಡತೈತಿ ಯವ್ವಾ? ಮಗ್ಗ ಬಂದ್ ಇರತೈತಿ, ಎದಿ ಹಗರ ಇರತೈತಿ. ಮರುದಿನಾ ಬಾ. ಮಗ್ಗ ಚಾಲೂ ಆಗಿ ಎರಡ ತಾಸಿಗೆ ಬಿಗಿಯಾಕ ಹತ್ತತೈತಿ. ನಾವು ಅದಕ್ಕ ಅಮಾಸಿ ಎದಿ ಅಂತೇವಿ" ಎಂದಳು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ ಅಪ್ಪಾ. ಧೂಳಿಗೆ ಒಗ್ಗಿದ ಎದೆ ಒಂದು ದಿನ ಬಿಡುವು ಸಿಕ್ಕರೆ ಹಗುರಾಗುತ್ತದೆ, ಮತ್ತೆ ಧೂಳು ಸೇರಿದ ಮೊದಲ ದಿನ ಎಲ್ಲಕ್ಕಿಂತ ಹೆಚ್ಚು ಬಿಗಿಯುತ್ತದೆ. ಭಾನುವಾರ ರಜೆ ಇರುವ ದೊಡ್ಡ ಗಿರಣಿಗಳಲ್ಲಿ ಅದನ್ನು ಸೋಮವಾರದ ಎದೆಬಿಗಿತ ಎಂದು ಬರೆದಿರುತ್ತಾರೆ. ನಾನು ಸೋಮವಾರ ಎಂದು ಬಾಯಿಪಾಠ ಮಾಡಿದ್ದೆ. ನಾನು ಅಳೆದದ್ದು ಗುರುವಾರ, ಹಾಗಾಗಿ ಚಿಂತೆಯಿಲ್ಲ ಎಂದುಕೊಂಡಿದ್ದೆ. ನಮ್ಮ ಓಣಿಯ ಸೋಮವಾರ ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮರುದಿನ ಬರುತ್ತದೆ ಎಂಬುದು ನೇಕಾರನ ಮಗಳಾದ ನನಗೆ ಹೊಳೆಯಲೇ ಇಲ್ಲ.

ಹೊಳೆಯಬೇಕಿತ್ತು. ಚಿಕ್ಕವಳಿದ್ದಾಗ ಅಮಾವಾಸ್ಯೆಯ ಮರುದಿನ ಅವ್ವ ನಿನಗೆ ಬೆಲ್ಲದಲ್ಲಿ ಅಜವಾನ ಕಲಸಿ ಕೊಡುತ್ತಿದ್ದಳು. ಹಬ್ಬದಲ್ಲಿ ಉಳಿದ ಬೆಲ್ಲ ಎಂದುಕೊಂಡು ನಾನೂ ಒಂದು ಉಂಡೆ ಕೇಳಿ ತಿನ್ನುತ್ತಿದ್ದೆ. ಆ ಸಂಜೆ ನೀನು ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ, ಎರಡೂ ಮೊಣಕಾಲ ಮೇಲೆ ಕೈಯೂರಿ ಕೂಡುತ್ತಿದ್ದೆ. ಹಾಗೆ ಕೂಡುವುದು ನಿನ್ನ ರೂಢಿ ಎಂದು ತಿಳಿದಿದ್ದೆ. ಹಾಗೆ ಕೂತವರನ್ನು ಆಮೇಲೆ ಎಷ್ಟು ದವಾಖಾನೆಗಳಲ್ಲಿ ನೋಡಿದೆ, ಆದರೂ ನೀನು ನೆನಪಾಗಲಿಲ್ಲ.

ಮೇಡಂ ಅವರಿಗೆ ಹೇಳಿದೆ. "ಸಂದರ್ಶನದಾಗ ಇದನ್ನ ಹೇಳಿದ್ರ ನಿನ್ನ ಕರದ ಕಾರಣಾನ ಹೋಗತೈತಿ. ಹೇಳದಿದ್ರ ಈಗ ಯಾರೂ ಕೇಳಂಗಿಲ್ಲ. ನಾ ನಿನಗ ಹಿಂಗ ಮಾಡು ಅನ್ನಂಗಿಲ್ಲ" ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ಹೀಗೆ ಮಾಡು ಎಂದಿದ್ದರೆ ಬೈಯಲು ಯಾರಾದರೂ ಸಿಗುತ್ತಿದ್ದರು. ಸಂದರ್ಶನ ಕಂಪ್ಯೂಟರಿನ ಪರದೆಯ ಮೇಲೆ, ಮೂವರು ಪ್ರೊಫೆಸರರು. ಮೊದಲ ಪ್ರಶ್ನೆಗೇ, ನನ್ನ ಅಳತೆಗಳೆಲ್ಲ ರಜೆಯ ದಿನದವು, ಅವುಗಳ ಮೇಲೆ ಕಟ್ಟಿದ ಮಾತು ನಿಲ್ಲುವುದಿಲ್ಲ ಎಂದು ಹೇಳಿಬಿಟ್ಟೆ. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು, "ನೀವು ಅದೇ ಓಣಿಯವರಲ್ಲವೇ? ನಿಮಗೇ ಗೊತ್ತಾಗಲಿಲ್ಲವೇ?" ಎಂದರು. ದನಿಯಲ್ಲಿ ಕುಹಕವಿರಲಿಲ್ಲ, ಬೇಸರವಿತ್ತು. ಆಮೇಲೆ ಅವರು ಹೆಚ್ಚೇನೂ ಕೇಳಲಿಲ್ಲ. ಈಗ ಪಟ್ಟಿಯ ಜೊತೆಗೆ, ಸರಿಯಾದ ಅಳತೆಗಳೊಂದಿಗೆ ಮುಂದಿನ ಸಲ ಅರ್ಜಿ ಹಾಕಬಹುದು ಎಂದು ಒಂದು ಸಾಲು ಬರೆದು ಕಳಿಸಿದ್ದಾರೆ.

ಸರಿಯಾದ ಅಳತೆ ತೆಗೆದಿದ್ದೇನೆ. ಜನವರಿಯ ಅಮಾವಾಸ್ಯೆಯ ಮರುದಿನ, ಬೆಳಿಗ್ಗೆ ಮಗ್ಗ ಚಾಲೂ ಆಗುವ ಮೊದಲು ಒಮ್ಮೆ, ಸಂಜೆ ಒಮ್ಮೆ. ಹನ್ನೊಂದು ಜನರಲ್ಲಿ ಎಂಟು ಜನರದ್ದು ಸಂಜೆಗೆ ಇಳಿದಿತ್ತು. ಕಾಸಿಂಬಿ ಅಜ್ಜಿಯದು ಬೆಳಿಗ್ಗೆ ಇನ್ನೂರೆಂಬತ್ತು ಇದ್ದದ್ದು ಸಂಜೆ ಇನ್ನೂರಹತ್ತಕ್ಕೆ ಬಂತು. ಊದಿ ಮುಗಿಸಿ ಗೋಡೆ ಹಿಡಿದು ನಿಂತಳು. ಇದನ್ನೆಲ್ಲ ಇಟ್ಟುಕೊಂಡು ಮುಂದಿನ ಅರ್ಜಿ ಬರೆಯುತ್ತೇನೆ, ಅಷ್ಟರವರೆಗೆ ಲ್ಯಾಬಿನವರು ಮತ್ತೆ ಬಾ ಎಂದಿದ್ದಾರೆ. ಅದರ ಚಿಂತೆ ನಿನಗೆ ಬೇಡ. ಚಿಂತೆ ಇರುವುದು ಹನ್ನೆರಡನೆಯವನ ಬಗ್ಗೆ. ಅಪ್ಪಾ, ನಾನೂರ ಮೂವತ್ತು ಎಂದು ನಾನು ಹೇಳಿದ್ದನ್ನು ನಂಬಬೇಡ. ಅದು ರಜೆಯ ದಿನದ ಉಸಿರು, ದುಡಿಯುವ ದಿನದ್ದಲ್ಲ. ನಾನು ತಪ್ಪು ದಿನ ಅಳೆದು, ತಪ್ಪು ಭರವಸೆ ಕೊಟ್ಟು, ನಿನ್ನನ್ನು ಮತ್ತಷ್ಟು ಧೂಳಿಗೆ ಕಳಿಸಿದೆ. ಇಲ್ಲಿ ತಿಂಗಳಿಗೊಮ್ಮೆ ಬರುತ್ತಿದ್ದ ಆ ಮೊದಲ ದಿನ, ವಾರಕ್ಕೊಂದು ರಜೆ ಇರುವ ನಿನ್ನ ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಬರುತ್ತದೆ. ಇದನ್ನು ಲೆಕ್ಕ ಹಾಕಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ನನ್ನನ್ನು ಕ್ಷಮಿಸು.

ಅವ್ವ ಪಕ್ಕದಲ್ಲಿ ಕೂತು ಶೇಂಗಾ ಚಟ್ನಿ ಡಬ್ಬಿಗೆ ತುಂಬುತ್ತಿದ್ದಾಳೆ. ಖಾರ ಕಡಿಮೆ ಹಾಕಿದ್ದೇನೆ, ಹೊಸ ಧೋತರ ಉಡದೆ ಇಟ್ಟುಕೊಂಡು ಕೂಡಬೇಡ ಎಂದು ಬರೆ ಎನ್ನುತ್ತಾಳೆ. ಬರೆದಿದ್ದೇನೆ. ಬನಶಂಕರಿ ತಾಯಿ ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ನಿನ್ನ ಜೊತೆಯ ಬಾಬುಸಾಬ ಕಾಕಾನಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗಳು,
ಸುಶ್ಮಿತಾ

ತಾ.ಕ.: ಲಕೋಟೆ ಅಂಟಿಸಬೇಕು ಎನ್ನುವಷ್ಟರಲ್ಲಿ ಕಾಸಿಂಬಿ ಅಜ್ಜಿ ಬಂದಳು. ಅಪ್ಪನ ಹತ್ತಿರ ತಪ್ಪೊಪ್ಪಿಕೊಂಡು ಕಾಗದ ಬರೆದಿದ್ದೇನೆ ಎಂದೆ. ಅವಳು ನೆಲದ ಮೇಲೆ ಕೂತು ಅತ್ತುಬಿಟ್ಟಳು. "ನಿನ್ನ ತಪ್ಪಲ್ಲ ಯವ್ವಾ. ಅಮಾಸಿ ದಿನಾನ ಊದೋಣು ಅಂತ ಹಿಂದಿನ ದಿನಾ ಮನಿ ಮನಿಗೆ ಬಂದು ಹೇಳಿ ಹೋದಾಂವ ನಿಮ್ಮಪ್ಪ. ಆಕಿ ಮುಂದ ಯಾರೂ ಕೆಮ್ಮಬ್ಯಾಡ್ರಿ, ನನ್ನ ಎದಿ ಸುದ್ದಿ ಗೊತ್ತಾದ್ರ ಆಕಿ ನೌಕರಿ ಬಿಡಂಗಿಲ್ಲ, ಓದಂಗಿಲ್ಲ ಅಂದ. ನನ್ನ ಕಡಿಂದ ಆಣಿ ತಗೊಂಡಿದ್ದ" ಎಂದಳು. ಅಂದರೆ ನಿನಗೆ ಗೊತ್ತಿತ್ತು. ಮೇಲೆ ಬರೆದದ್ದನ್ನು ಹರಿದುಹಾಕುವುದಿಲ್ಲ, ಹಾಗೆಯೇ ಕಳಿಸುತ್ತಿದ್ದೇನೆ. ಅವ್ವನಿಗೂ ಗೊತ್ತಿತ್ತೇ ಎಂದು ಕೇಳಿಲ್ಲ, ಕೇಳುವ ಧೈರ್ಯವಿಲ್ಲ. ನಿನ್ನ ಮುಂದಿನ ರಜೆಯ ಸಂಜೆ ನಾನು ಅಲ್ಲಿಗೆ ಬರುತ್ತೇನೆ, ಕೊಳವೆ ತರುತ್ತೇನೆ. ಮರುದಿನ ಬೆಳಿಗ್ಗೆ ಒಮ್ಮೆ ಊದು, ಕೆಲಸ ಬಿಟ್ಟ ಮೇಲೆ ಒಮ್ಮೆ ಊದು. ಅದೇ ಸಂಜೆ ಇಬ್ಬರೂ ಬಾದಾಮಿಯ ಬಸ್ಸು ಹತ್ತೋಣ. ಶ್ರೀಶೈಲನಿಗೆ ಹೇಳಿದ್ದೇನೆ. ವಾದ ಮಾಡಬೇಡ, ಆರಾಮ ಇದ್ದೇನೆ ಎನ್ನಬೇಡ. ನನ್ನ ಮುಂದೆ ಕೆಮ್ಮು ಅಪ್ಪಾ.